ಪಾಸ್‌ವರ್ಡ್ ಸರಿಯಿದ್ದರೂ ವೆಬ್‌ಮಿನ್ ಹೊರಗೆ ಹಾಕುವುದೇಕೆ?

ವೆಬ್‌ಮಿನ್ ಅಂದರೆ ಸರ್ವರನ್ನು ಬ್ರೌಸರಿನಿಂದಲೇ ನಿರ್ವಹಿಸುವ ಸಾಧನ. ಸರ್ವರ್ ನೋಡಿಕೊಳ್ಳುವ ಗೆಳೆಯರು ನನ್ನನ್ನು ಪದೇಪದೇ ಕೇಳುವ ಪ್ರಶ್ನೆ ಇದು: “ಎರಡು ಸರ್ವರ್‌ಗಳ ವೆಬ್‌ಮಿನ್ ಒಟ್ಟಿಗೆ ತೆರೆದುಕೊಂಡಿದ್ದೀನಿ. ಒಂದರಲ್ಲಿ ಲಾಗಿನ್ ಆದ ಕೂಡಲೇ ಇನ್ನೊಂದು ಹೊರಗೆ ಹಾಕುತ್ತೆ. ಪಾಸ್‌ವರ್ಡ್ ಸರಿಯಾಗೇ ಇದೆ. ಏನ್ ಮಾಡ್ಲಿ?”

ಮೊದಲು, ಪಾಸ್‌ವರ್ಡ್ ಮುಟ್ಟಬೇಡಿ. ಇದೇ ತೊಂದರೆಗೆ ರೂಟ್ (ಸರ್ವರಿನ ಪೂರ್ಣ ಅಧಿಕಾರದ ಖಾತೆ) ಪಾಸ್‌ವರ್ಡನ್ನು ಒಂದೇ ಸಂಜೆ ಮೂರು ಸಲ ಬದಲಿಸಿ ಸುಸ್ತಾದವರನ್ನು ನೋಡಿದ್ದೇನೆ. ಸುಮ್ನೆ ಶ್ರಮ. ತೊಡಕು ಇರುವುದು ಕುಕೀಯಲ್ಲಿ, ಅಂದರೆ ಸೈಟು ಬ್ರೌಸರಿನಲ್ಲಿ ಇಟ್ಟುಕೊಳ್ಳುವ ಪುಟ್ಟ ಮಾಹಿತಿಯಲ್ಲಿ.

ನೀವು ಲಾಗಿನ್ ಆದಾಗ ವೆಬ್‌ಮಿನ್ ಉದ್ದನೆಯ ಒಂದು ಗುರುತನ್ನು ಹುಟ್ಟಿಸಿ, ‘ಎಸ್‌ಐಡಿ’ ಎಂಬ ಕುಕೀಯಾಗಿ ಬ್ರೌಸರ್ ಕೈಗೆ ಕೊಡುತ್ತದೆ. ಆಮೇಲೆ ನಿಮ್ಮ ಪ್ರತಿ ಕ್ಲಿಕ್ಕಿನ ಜೊತೆ ಆ ಗುರುತು ಸರ್ವರ್‌ಗೆ ಹೋಗುತ್ತದೆ. ನೀವು ಯಾರು ಅಂತ ಸರ್ವರ್‌ಗೆ ಗೊತ್ತಾಗುವುದು ಅದರಿಂದಲೇ.

ಬ್ರೌಸರ್ ಕುಕೀಯನ್ನು ಎತ್ತಿಡುವುದು ಹೋಸ್ಟ್ ಹೆಸರಿನ ಮೇಲೆ, ಅಂದರೆ ವಿಳಾಸದಲ್ಲಿರುವ ಮಷೀನಿನ ಹೆಸರಿನ ಮೇಲೆ. ಅದರ ಮುಂದೆ ಬರುವ ಪೋರ್ಟ್ ನಂಬರ್ ಲೆಕ್ಕಕ್ಕೇ ಇಲ್ಲ. ಕುಕೀಗಳ ನಿಯಮ ಹೇಳುವ 2011ರ ದಾಖಲೆ ಆರ್‌ಎಫ್‌ಸಿ 6265 ಇದನ್ನು ಬಿಡಿಸಿಯೇ ಹೇಳಿದೆ. ವೆಬ್‌ಮಿನ್ ಓಡುವುದು 10000ನೇ ಪೋರ್ಟಿನಲ್ಲಿ. ಅದನ್ನು ಇಂಟರ್ನೆಟ್ಟಿಗೆ ತೆರೆದಿಡಬಾರದು ಅಂತ ಎಸ್‌ಎಸ್‌ಎಚ್ ಟನಲ್ (ದೂರದ ಸರ್ವರಿನ ಪೋರ್ಟನ್ನು ಸುರಕ್ಷಿತವಾಗಿ ನಮ್ಮ ಕಂಪ್ಯೂಟರಿಗೆ ಜೋಡಿಸುವ ದಾರಿ) ಹಾಕಿಕೊಳ್ಳುತ್ತೇವೆ, ಹಾಕಿಕೊಳ್ಳಲೇಬೇಕು. ಆಗ ನಮ್ಮದೇ ಕಂಪ್ಯೂಟರಿನ ಹೆಸರಿನಲ್ಲಿ ಮೊದಲ ಸರ್ವರ್ ಲೋಕಲ್‌ಹೋಸ್ಟ್:10000, ಎರಡನೆಯದು ಲೋಕಲ್‌ಹೋಸ್ಟ್:10001. ನಮಗೆ ಅವು ಎರಡು ಮಷೀನು, ಬ್ರೌಸರ್‌ಗೆ ಎರಡೂ ಬರೀ ಲೋಕಲ್‌ಹೋಸ್ಟ್. ಎರಡನೆಯ ಎಸ್‌ಐಡಿ ಬಂದರೆ ಮೊದಲನೆಯದು ಅಳಿಸಿಹೋಗುತ್ತದೆ. ಮೊದಲ ಸರ್ವರ್‌ಗೆ ಈಗ ಬರುವುದು ಅದಕ್ಕೆ ಪರಿಚಯವೇ ಇಲ್ಲದ ಗುರುತು. ಲಾಗಿನ್ ಪುಟ ತೋರಿಸದೆ ಇನ್ನೇನು ಮಾಡೀತು?

ಕ್ರೋಮ್‌ನಲ್ಲಿ ಎಫ್12 ಒತ್ತಿ, ಅಪ್ಲಿಕೇಶನ್ ಟ್ಯಾಬಿಗೆ ಹೋಗಿ ಕುಕೀಸ್ ನೋಡಿ. ಎಸ್‌ಐಡಿ ಎಂಬ ಸಾಲು ಒಂದೇ ಇರುತ್ತದೆ. ಇನ್ನೊಂದು ಸರ್ವರ್‌ಗೆ ಲಾಗಿನ್ ಆಗಿ ವಾಪಸ್ ಬನ್ನಿ. ಸಾಲು ಅದೇ, ಎದುರಿಗಿರುವ ಅಕ್ಷರಗಳು ಬೇರೆ. ಒಂದು ಸಲ ಕಣ್ಣಾರೆ ಕಂಡರೆ ಮತ್ತೆ ಮರೆಯುವುದಿಲ್ಲ.

ಪರಿಹಾರ ತುಂಬಾ ಸುಲಭ. ಒಂದನ್ನು ಲೋಕಲ್‌ಹೋಸ್ಟ್ ಎಂದೂ ಇನ್ನೊಂದನ್ನು 127.0.0.1 ಎಂದೂ ತೆರೆಯಿರಿ. ಹೋಗಿ ಸೇರುವ ಜಾಗ ಒಂದೇ ಆದರೂ ಹೆಸರು ಬೇರೆ, ಹಾಗಾಗಿ ಕುಕೀಯೂ ಬೇರೆ. ಸರ್ವರ್‌ಗಳು ಜಾಸ್ತಿ ಇದ್ದರೆ ಹೋಸ್ಟ್ಸ್ ಫೈಲಿನಲ್ಲಿ (ಯಾವ ಹೆಸರು ಯಾವ ವಿಳಾಸ ಅಂತ ನಿಮ್ಮ ಕಂಪ್ಯೂಟರಿಗೆ ಹೇಳುವ ಫೈಲು) ಒಂದೊಂದಕ್ಕೂ ಒಂದು ಹೆಸರು ಬರೆದುಕೊಳ್ಳಿ. ನಾನು ಮಾಡುವುದು ಹೀಗೇ.

ಒಂದೇ ಸರ್ವರ್ ಇದ್ದೂ ಲಾಗಿನ್ ಪುಟವೇ ಸುತ್ತಿ ಸುತ್ತಿ ಬರುತ್ತಿದ್ದರೆ, ಮೊದಲು ಎಚ್‌ಟಿಟಿಪಿಎಸ್‌ನಲ್ಲಿ ತೆರೆದು ಈಗ ಎಚ್‌ಟಿಟಿಪಿಗೆ ಬಂದಿದ್ದೀರಾ ನೋಡಿ. ‘ಸೆಕ್ಯೂರ್’ (ಎಚ್‌ಟಿಟಿಪಿಎಸ್‌ಗೆ ಮಾತ್ರ ಮೀಸಲು) ಗುರುತಿರುವ ಹಳೆಯ ಕುಕೀಯನ್ನು ಅಳಿಸಿ ಬರೆಯಲು ಎಚ್‌ಟಿಟಿಪಿ ಪುಟಕ್ಕೆ ಕ್ರೋಮ್ ಬಿಡುವುದಿಲ್ಲ. ಎಲ್ಲ ಕುಕೀ ತೆಗೆಯಬೇಡಿ, ಆ ಒಂದನ್ನು ತೆಗೆದು ಎಚ್‌ಟಿಟಿಪಿಎಸ್‌ಗೇ ಮರಳಿ. ಪಿಎಚ್‌ಪಿಮೈಅಡ್ಮಿನ್ (ಡೇಟಾಬೇಸ್ ನೋಡಿಕೊಳ್ಳುವ ವೆಬ್ ಸಾಧನ) ಹೊರಗೆ ಹಾಕುವ ಕಥೆ ಬೇರೆ: ಸುಮ್ಮನೆ ಬಿಟ್ಟರೆ 1440 ಸೆಕೆಂಡಿಗೆ, ಅಂದರೆ 24 ನಿಮಿಷಕ್ಕೆ, ಅವಧಿ ಮುಗಿಯುವುದು ಅದರ ಮೂಲ ಸೆಟ್ಟಿಂಗ್.

“ಸೆಷನ್ ಕುಕೀ ಅಲ್ವಾ, ಬ್ರೌಸರ್ ಮುಚ್ಚಿದರೆ ಹೋಗುತ್ತೆ” ಅಂತ ಹಲವರು ನಂಬಿದ್ದಾರೆ. ಬಿಟ್ಟಲ್ಲಿಂದ ಮುಂದುವರಿಸುವ ಸೆಟ್ಟಿಂಗ್ ಕ್ರೋಮ್‌ನಲ್ಲಿ ಆನ್ ಇದ್ದರೆ ಆ ಕುಕೀ ಮರುದಿನವೂ ಅಲ್ಲೇ ಇರುತ್ತದೆ. ವೆಬ್‌ಮಿನ್ ಓಡುವುದು ರೂಟ್ ಆಗಿ. ಕೆಲಸ ಮುಗಿದಾಗ ಲಾಗ್ಔಟ್ ಒತ್ತಿಯೇ ಏಳಿ, ಆಗ ಸರ್ವರ್ ಕಡೆಯಲ್ಲೂ ಆ ಎಸ್‌ಐಡಿ ಅಳಿಯುತ್ತದೆ.