ಬೆಳಗಿನ ಮೂಡುಗಾಳಿ

ಇವತ್ತು ಬೆಳಿಗ್ಗೆ ಮಲ್ಪೆಯಲ್ಲಿ ಮೂಡುಗಾಳಿ. ದಡದ ಹತ್ತಿರ ನೀರು ಸಪಾಟು. ನೋಡಿದರೆ ಇಳಿಯೋಣ ಅನ್ನಿಸಬೇಕು, ಹಾಗಿತ್ತು.

ಆಫ್‌ಶೋರ್ ಗಾಳಿ ಅಂದರೆ ಇದೇ.
ಬಾಂಬೆ ಹೈ ತೈಲ ಕ್ಷೇತ್ರ ಆಫ್‌ಶೋರ್ ಅಂದರೆ ಅದು ಇರೋದೇ ಕಡಲಲ್ಲಿ. ಗಾಳಿ ಆಫ್‌ಶೋರ್ ಅಂದರೆ ನೆಲದಿಂದ ಕಡಲಿಗೆ ಬೀಸೋದು.
ನಮಗೆ ಕಡಲು ಪಡುವಣಕ್ಕೆ, ಹಾಗಾಗಿ ಮೂಡುಗಾಳಿ ಆಫ್‌ಶೋರ್. ಚೆನ್ನೈಯವರಿಗೆ ಅದೇ ಆನ್‌ಶೋರ್.

ಇದರಲ್ಲಿ ಮೋಸ ಹೋಗೋದು ಗಾಳಿ ತುಂಬಿದ ಟ್ಯೂಬ್. ನೀರೊಳಗೆ ಇರೋದು ಸ್ವಲ್ಪ, ಮೇಲಿರೋದೇ ಜಾಸ್ತಿ. ಸೀದಾ ಪಡುವಣಕ್ಕೆ ದೂಡಿಸಿಕೊಂಡು ಹೋಗುತ್ತೆ. ದಡದಲ್ಲಿ ತೆಂಗಿನ ಮರೆ ಇರುತ್ತಲ್ಲ, ಗಾಳಿಯ ಜೋರು ಗೊತ್ತೇ ಆಗಲ್ಲ. ಆಚೆ ಹೋದ ಮೇಲೆ ಗೊತ್ತಾಗುತ್ತೆ, ಆಗ ಕೈಯಲ್ಲಿ ನೀರು ಬಡಿದು ವಾಪಸ್ ಬರೋದು ಆಗದ ಮಾತು.

ಮಕ್ಕಳ ಟ್ಯೂಬ್ ತೇಲಿ ಹೋದರೆ ಹೋಗಲಿ ಮಾರಾಯ್ರೆ, ಹಿಂದೆ ಈಜಬೇಡಿ.