ಅರ್ಧ ಲೀಟರ್ ಹಾಲಿನ ಲೆಕ್ಕ

ಮಾರ್ಚ್ 28, 2025, ಶುಕ್ರವಾರ
ಹಾಸನ

ಯುಗಾದಿ ಇರೋದು ನಾಡಿದ್ದು ಭಾನುವಾರ. ನಮ್ಮೂರ ಡೇರಿ ಮುಂದೆ ಮಾತ್ರ ಇವತ್ತೇ ಹಬ್ಬ. ನಿನ್ನೆ ಸಚಿವ ಸಂಪುಟ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿಸಿದೆ. 42 ಇದ್ದ ನೀಲಿ ಪ್ಯಾಕೆಟ್ ಏಪ್ರಿಲ್ 1ರಿಂದ 46. ಏರಿಸಿದ ದುಡ್ಡು ಹಾಲು ಹಾಕುವವರಿಗೇ ಅಂತ ಸರ್ಕಾರ ಹೇಳಿದೆ. ಕ್ಯಾನ್ ಹಿಡಿದು ಸಾಲಲ್ಲಿ ನಿಂತವರ ಬಾಯಲ್ಲೆಲ್ಲ ಅದೇ ಮಾತು.

"ಹಿಂಡಿ, ಬೂಸಾ ರೇಟು ಯಾವಾಗ್ಲೋ ಏರಿ ಕೂತದೆ, ಇದ್ರಲ್ಲಿ ಏನ್ ಉಳೀತದೆ" ಅಂತ ಆಚೆಮನೆ ಚಿಕ್ಕಮ್ಮ ಗೊಣಗಿದರು. ಗೊಣಗಿದರೂ ಮುಖ ಅರಳಿತ್ತು.

ಮನೆಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ಬೆಂಗಳೂರಿನಿಂದ ಮಗಳ ಫೋನು. "ಅಪ್ಪಾ, ಹಾಲು ಮತ್ತೆ ಜಾಸ್ತಿ ಆಯ್ತಲ್ಲ!" ಅವಳ ಮನೆಗೆ ದಿನಕ್ಕೆ ಎರಡು ಲೀಟರ್ ಬೇಕು. ನಮ್ಮ ಕೊಟ್ಟಿಗೆಯಿಂದ ದಿನಕ್ಕೆ ಎಂಟು ಲೀಟರ್ ಡೇರಿಗೆ ಹೋಗುತ್ತೆ. ಒಂದೇ ಮನೆಯಲ್ಲಿ ನಗುವವರೂ ಇದ್ದೀವಿ, ಬೈಯುವವರೂ ಇದ್ದೀವಿ. ಏನು ಹೇಳೋದು ಅಂತ ತಿಳಿಯದೆ "ಹಬ್ಬಕ್ಕೆ ಬರ್ತೀಯಾ?" ಅಂತ ಮಾತು ತಿರುಗಿಸಿದೆ.

ಒಂಬತ್ತು ಗಂಟೆಗೆ ಭಾವಮೈದ ಬಂದ. ಅವನು ಬಿಜೆಪಿಯ ಬೂತ್ ಅಧ್ಯಕ್ಷ. ಇಪ್ಪತ್ತು ವರ್ಷದಿಂದ ಅದೇ ಪಕ್ಷ, ಅದೇ ಬೂತು. ಮುಖ ಸಣ್ಣಗಾಗಿತ್ತು. ಮೊನ್ನೆ ಬುಧವಾರ ಅವರ ಶಾಸಕ ಯತ್ನಾಳರನ್ನು ಪಕ್ಷದಿಂದ ಆರು ವರ್ಷಕ್ಕೆ ಉಚ್ಚಾಟನೆ ಮಾಡಿದ್ದಾರಲ್ಲ, ಆವತ್ತಿನಿಂದ ಅವರ ವಾಟ್ಸಾಪ್ ಗುಂಪಿನಲ್ಲಿ ಯುದ್ಧವಂತೆ. ಅರ್ಧ ಜನ "ಒಳ್ಳೇದಾಯ್ತು" ಅಂತಾರೆ. ಇನ್ನರ್ಧ ಜನ "ಅಪ್ಪ ಮಕ್ಕಳ ಪಕ್ಷ ಆಯ್ತಲ್ಲ" ಅಂತಾರೆ, ಅಂದರೆ ಯಡಿಯೂರಪ್ಪನವರದು, ಅವರ ಮಗ ವಿಜಯೇಂದ್ರರದು. ಅದರ ನಡುವೆ ಮೇಲಿನಿಂದ ಕರೆ ಬಂದಿದೆ: ಹಬ್ಬ ಕಳೆದ ಮೇಲೆ ಬೆಲೆ ಏರಿಕೆ ವಿರುದ್ಧ ಪ್ರತಿಭಟನೆ, ಪ್ರತಿ ಬೂತಿನಿಂದ ಜನ ಕರೆತರಬೇಕು.

"ಭಾವ, ಒಂದು ನಾಲ್ಕು ಸಾಲು ಬರ್ಕೊಡಿ. ನೀವು ಲೆಕ್ಕ ಬರ್ದೋರು" ಅಂದ.

ಮೂವತ್ತು ವರ್ಷ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವನು ನಾನು. ಈ ಊರಲ್ಲಿ ಯಾವ ಪಕ್ಷದವರಿಗೆ ಕಾಗದ ಬೇಕಾದರೂ ಇಲ್ಲಿಗೇ ಬರುತ್ತಾರೆ. ಕಾಫಿ ಖರ್ಚು ಮಾತ್ರ ನನ್ನದು.

ಬರೆಯಲು ಸರಕು ಬೇಕಾದಷ್ಟಿದೆ, ಅದು ನಿಜ. ಈ ತಿಂಗಳು 7ಕ್ಕೆ ಸಿದ್ದರಾಮಯ್ಯ ಮಂಡಿಸಿದ್ದು ಅವರ 16ನೇ ಬಜೆಟ್. ಗಾತ್ರ 4 ಲಕ್ಷ 9 ಸಾವಿರ ಕೋಟಿ. ಅದರಲ್ಲಿ ಸಾಲವೇ 1 ಲಕ್ಷ 16 ಸಾವಿರ ಕೋಟಿ. ಗ್ಯಾರಂಟಿಗಳಿಗೆ 51 ಸಾವಿರ ಕೋಟಿ. ರಾಜಸ್ವ ಕೊರತೆ 19 ಸಾವಿರ ಕೋಟಿ ದಾಟಿದೆ. ಸಂಘದಲ್ಲಿ ಯಾರಾದರೂ ಇಂಥ ಲೆಕ್ಕ ತಂದಿದ್ದರೆ ನಾನು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡುತ್ತಿದ್ದೆ. ವಿರೋಧ ಪಕ್ಷ ಕೇಳಬೇಕಾದ ಪ್ರಶ್ನೆಯೇ ಇದು.

ಆದರೆ ಕೇಳುವವರು ಯಾರು?

ನಮ್ಮ ಸಂಘದಲ್ಲಿ ಒಂದು ರೂಢಿ ಇತ್ತು. ವೋಚರಿನ ಅಂಕಿ ಎಷ್ಟೇ ಸರಿ ಇರಲಿ, ಕೆಳಗೆ ಸಹಿ ಇಲ್ಲದಿದ್ದರೆ ಆಡಿಟರ್ ಅದನ್ನು ಪಕ್ಕಕ್ಕೆ ಇಡುತ್ತಿದ್ದರು. "ಅಂಕಿ ಆಮೇಲೆ, ಮೊದಲು ಜವಾಬ್ದಾರಿ ಯಾರದ್ದು ತೋರಿಸಿ" ಅನ್ನುತ್ತಿದ್ದರು. ನನಗೆ ನೆನಪಾಗೋದು 2023ರ ಜುಲೈ 7. ಐದು ಗ್ಯಾರಂಟಿಗೆ ಮೊದಲ ಸಲ ದುಡ್ಡು ತೆಗೆದಿಟ್ಟ ಬಜೆಟ್ ಆವತ್ತು ಬಂತು. ಎದುರಿಗೆ ವಿರೋಧ ಪಕ್ಷದ ನಾಯಕನ ಕುರ್ಚಿಗೆ ಹೆಸರೇ ಇರಲಿಲ್ಲ. ಫಲಿತಾಂಶ ಬಂದಿದ್ದು ಮೇ 13ಕ್ಕೆ. ಆರ್. ಅಶೋಕ್ ಹೆಸರು ಹೊರಬಿದ್ದಿದ್ದು ನವೆಂಬರ್ 17ಕ್ಕೆ. ಅದಕ್ಕೆ ಒಂದು ವಾರ ಮೊದಲು ವಿಜಯೇಂದ್ರ ರಾಜ್ಯಾಧ್ಯಕ್ಷರಾದರು. ಆರು ತಿಂಗಳು! ಅಷ್ಟರಲ್ಲಿ ನಮ್ಮ ಮನೆಯವರ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬಂದು, ಖರ್ಚಾಗಿ, ಮತ್ತೆ ಬಂದಿತ್ತು. "ದುಡ್ಡು ಎಲ್ಲಿಂದ ತರ್ತೀರಿ" ಅಂತ ಗಟ್ಟಿಯಾಗಿ ಕೇಳಬೇಕಾದ ಹೊತ್ತು ಅದು. ಇವರು "ಕುರ್ಚಿ ಯಾರಿಗೆ" ಅಂತ ಕೇಳಿಕೊಳ್ಳುತ್ತಾ ಕೂತರು.

ಆಮೇಲಾದರೂ? ಹೋದ ವರ್ಷ ವಾಲ್ಮೀಕಿ ನಿಗಮದ ದುಡ್ಡಿನ ಹಗರಣ ಬಂತು, ಮಂತ್ರಿಯೇ ರಾಜೀನಾಮೆ ಕೊಟ್ಟರು. ಹಿಂದೆಯೇ ಮುಡಾ, ಅಂದರೆ ಮೈಸೂರಿನ ಸೈಟು ಹಂಚಿಕೆ ಹಗರಣ. ಆಗಸ್ಟಿನಲ್ಲಿ ಬೆಂಗಳೂರಿಂದ ಮೈಸೂರಿಗೆ ಪಾದಯಾತ್ರೆ ಅಂತ ಹೊರಟರೆ, ಯತ್ನಾಳ್ ಮತ್ತು ರಮೇಶ್ ಜಾರಕಿಹೊಳಿ ಕಡೆಯವರಿಗೆ ಬೇರೆಯೇ ಪಾದಯಾತ್ರೆ ಬೇಕಾಯಿತು. ಇತ್ತ ಕುಮಾರಸ್ವಾಮಿಯವರು ನಮ್ಮ ಹಾಸನದ ಬಿಜೆಪಿ ನಾಯಕ ಪ್ರೀತಂ ಗೌಡರ ಹೆಸರು ಹಿಡಿದು, ಮೈತ್ರಿಯಲ್ಲಿದ್ದ ಜೆಡಿಎಸ್ ಬರೋದೇ ಇಲ್ಲ ಅಂದರು. ಕೊನೆಗೆ ಬಂದರು ಅನ್ನಿ. ಆ ವಾರ ಡೇರಿ ಕಟ್ಟೆಯಲ್ಲಿ ಮಾತಾಡಿದ್ದು ಸೈಟಿನ ವಿಷಯ ಅಲ್ಲ. ಯಾರು ಯಾರ ಪಕ್ಕ ನಡೆದರು ಅನ್ನೋದು.

ಹಾಸನದವರಿಗೆ ಇದೇನು ಹೊಸದಲ್ಲ ಬಿಡಿ. 2023ರಲ್ಲಿ ದೇವೇಗೌಡರ ಮನೆಯೊಳಗೇ ಟಿಕೆಟ್ ಜಗಳ ನೋಡಿದ ಊರು ನಮ್ಮದು.

ಇಷ್ಟೆಲ್ಲ ಹೇಳಿದ್ದಕ್ಕೆ ಭಾವಮೈದನಿಗೆ ಸ್ವಲ್ಪ ಬೇಜಾರಾಯಿತು. "ಜಗಳ ಇರ್ಲಿ ಭಾವ, ಯಾವ ಪಕ್ಷದಲ್ಲಿಲ್ಲ? ಗ್ಯಾರಂಟಿ ಕೊಟ್ಟು ರಾಜ್ಯ ಮುಳುಗಿಸಿದ್ದು ಸುಳ್ಳಾ?" ಅಂದ.

ನಾನು ಒಳಗೆ ಹೋಗಿ ಹಳೇ ಕ್ಯಾಲೆಂಡರ್ ತಂದೆ. ಅದರ ಹಿಂಬದಿ ಖಾಲಿ ಇತ್ತು. 2023ರಲ್ಲಿ ಅವನೇ ಮನೆಮನೆಗೆ ಹಂಚಿದ ಪ್ರಣಾಳಿಕೆಯಲ್ಲಿ ಏನಿತ್ತು? ಬಿಪಿಎಲ್ ಮನೆಗಳಿಗೆ ದಿನಾ ಅರ್ಧ ಲೀಟರ್ ನಂದಿನಿ ಹಾಲು ಉಚಿತ. ವರ್ಷಕ್ಕೆ ಮೂರು ಸಿಲಿಂಡರ್: ಯುಗಾದಿಗೊಂದು, ಗಣೇಶನ ಹಬ್ಬಕ್ಕೊಂದು, ದೀಪಾವಳಿಗೊಂದು.

"ಬಾ, ಹಾಲಿನ ಲೆಕ್ಕ ಒಂದೇ ಮಾಡಾಣ" ಅಂದೆ. ಒಂದು ಮನೆಗೆ ದಿನಕ್ಕೆ ಅರ್ಧ ಲೀಟರ್ ಅಂದರೆ ವರ್ಷಕ್ಕೆ 182 ಲೀಟರ್ ಚಿಲ್ಲರೆ. ಲೀಟರಿಗೆ 42 ಅಂತ ಹಿಡಿದರೆ ಮನೆಗೆ 7,665 ರೂಪಾಯಿ. ರಾಜ್ಯದಲ್ಲಿ ಬರೀ ಒಂದು ಕೋಟಿ ಮನೆ ಅಂದುಕೊಂಡರೂ 7,665 ಕೋಟಿ. ದುಡ್ಡು ಹಾಗಿರಲಿ, ಹಾಲೆಲ್ಲಿ? ದಿನಕ್ಕೆ 50 ಲಕ್ಷ ಲೀಟರ್ ಬೇಕು. ಕೆಎಂಎಫ್‌ಗೆ ಬರೋದು 80-90 ಲಕ್ಷದ ಆಸುಪಾಸು. ಹೋದ ಮಳೆಗಾಲದಲ್ಲಿ ಕೋಟಿ ಮುಟ್ಟಿದ್ದೂ ಇದೆ. ಅರ್ಧಕ್ಕರ್ಧ ಹಾಲು ಬಿಟ್ಟಿ ಹಂಚಿದರೆ, ಮಗಳ ಮನೆಗೆ ಬರೋ ಪ್ಯಾಕೆಟ್ ಎಷ್ಟಾಗುತ್ತಿತ್ತು?

ಅವನು ಪೆನ್ನು ಇಸ್ಕೊಂಡು ಎರಡು ಸಲ ಗುಣಿಸಿದ. ಸೊನ್ನೆ ಎಣಿಸಿದ. ಸುಮ್ಮನಾದ.

ಮೋದಿಯವರು 2022ರಲ್ಲಿ ಬಿಟ್ಟಿ ಹಂಚಿಕೆಗೆ ರೇವಡಿ ಸಂಸ್ಕೃತಿ ಅಂದರು. ಆಮೇಲೆ ಮಹಾರಾಷ್ಟ್ರದಲ್ಲಿ ಅವರ ಮೈತ್ರಿ ಸರ್ಕಾರವೇ ಹೆಂಗಸರಿಗೆ ತಿಂಗಳಿಗೆ 1,500 ಕೊಟ್ಟಿತು. ಈ ಫೆಬ್ರವರಿಯಲ್ಲಿ ದೆಹಲಿಯಲ್ಲಿ 2,500 ಅಂತ ಹೇಳಿ ಗೆದ್ದರು. ಕೊಡಬಾರದು ಅಂತ ನಾನು ಅನ್ನಲ್ಲ. ನಮ್ಮ ಮನೆಯವರ 2,000ದಲ್ಲೇ ಈ ಹಬ್ಬದ ಬೇಳೆ, ಬೆಲ್ಲ ಬಂದಿದೆ. ಅಲ್ಲಿ ಸರಿ, ಇಲ್ಲಿ ತಪ್ಪು ಅನ್ನೋದನ್ನು ಬೂತಿನಲ್ಲಿ ಕೂತ ಇವನು ಹೇಗೆ ಹೇಳಬೇಕು? ನನಗೆ ಅವನ ಮೇಲೆ ಕನಿಕರ.

ದುಡ್ಡಿನ ಮಾತಿಗೆ ಬೆಲೆ ಬರೋದು ಹೇಗೆ ಅಂತ ನಾನು ಕೌಂಟರಿನ ಈಚೆ ಕೂತು ನೋಡಿದ್ದೀನಿ. 2018ರಲ್ಲಿ ಕುಮಾರಸ್ವಾಮಿಯವರು ಅಧಿಕಾರಕ್ಕೆ ಬಂದ 24 ಗಂಟೆಯಲ್ಲಿ ಸಾಲ ಮನ್ನಾ ಅಂದಿದ್ದರು. ಜುಲೈ 5ರ ಬಜೆಟ್‌ನಲ್ಲಿ 34 ಸಾವಿರ ಕೋಟಿ ಅಂತ ಘೋಷಣೆಯಾಯಿತು, 2 ಲಕ್ಷದ ಮಿತಿ. ಆಮೇಲೆ ಶುರುವಾಯಿತು ನೋಡಿ: ಆಧಾರ್ ತನ್ನಿ, ರೇಷನ್ ಕಾರ್ಡ್ ತನ್ನಿ, ಪಹಣಿ ತನ್ನಿ, ಸ್ವಯಂ ಘೋಷಣೆ ಬರೆಯಿರಿ. ಬೆಳಿಗ್ಗೆ ಏಳಕ್ಕೇ ಸಂಘದ ಬಾಗಿಲಲ್ಲಿ ಚಪ್ಪಲಿ ರಾಶಿ. ಒಬ್ಬ ಅಜ್ಜ ಮೂರು ಸಲ ಬಂದ. ಪಹಣಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ನಾಲ್ಕನೇ ಸಲ ಬಂದಾಗ ಕಾಗದ ಮುಂದೆ ಇಡಲಿಲ್ಲ. "24 ಗಂಟೆ ಆಯ್ತಾ ಸ್ವಾಮಿ?" ಅಂತ ಕೇಳಿ ನಕ್ಕ. ನನಗೆ ನಗು ಬರಲಿಲ್ಲ. ಮನ್ನಾ ಆದವರು ಬಹಳ ಜನ, ಅದನ್ನೂ ಹೇಳಬೇಕು. ಆದರೆ ಊರಿನ ನೆನಪಲ್ಲಿ ಉಳಿದಿದ್ದು 34 ಸಾವಿರ ಕೋಟಿ ಅಲ್ಲ, ಆ 24 ಗಂಟೆ.

ಇದಕ್ಕೆ ತದ್ವಿರುದ್ಧ ಇನ್ನೊಂದು. 2008ರಲ್ಲಿ ಯಡಿಯೂರಪ್ಪನವರು ಹಾಲಿಗೆ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಅಂದರು. ಬಟವಾಡೆಯಲ್ಲಿ ಬಂತು. ಸಿದ್ದರಾಮಯ್ಯ ಅದನ್ನು 5 ಮಾಡಿದರು. ಅದೂ ಬಂತು. ಇವತ್ತಿಗೂ ಕಾಂಗ್ರೆಸ್ಸಿನವರು ಸೇರಿ ಎಲ್ಲರೂ "ಆ ಎರಡು ರೂಪಾಯಿ ಶುರು ಮಾಡಿದ್ದು ಯಡಿಯೂರಪ್ಪ" ಅಂತಾರೆ.

"ಇದನ್ನೇ ಬರೀಲಾ?" ಅಂದೆ.

"ಬೇಡ ಭಾವ. ಅವರ ಹೆಸರು ಬರ್ದ್ರೆ ಗುಂಪಲ್ಲಿ ಮತ್ತೆ ಶುರು ಆಗುತ್ತೆ."

ಕೊನೆಗೆ ನಾಲ್ಕು ಸಾಲು ಬರೆದುಕೊಟ್ಟೆ. ಸಾಲದ ಅಂಕಿ ಬರೆದೆ. ಏಪ್ರಿಲ್‌ನಿಂದ ಕರೆಂಟಿಗೆ ಯೂನಿಟ್‌ಗೆ 36 ಪೈಸೆ ಸರ್‌ಚಾರ್ಜ್ ಸೇರೋದು ಬರೆದೆ. ಹಾಲಿನ 4 ರೂಪಾಯಿಯನ್ನೂ ಸೇರಿಸಿದೆ, ಬೇಕಂತಲೇ. ಅವನು ನಿಧಾನಕ್ಕೆ ಓದಿದ. ಹಾಲಿನ ಸಾಲಿಗೆ ಬಂದಾಗ ಬಾಗಿಲ ಕಡೆ ತಿರುಗಿ ನೋಡಿದ. ಹೊರಗೆ ಚಿಕ್ಕಮ್ಮ ತೊಳೆದ ಕ್ಯಾನ್ ಬೋರಲು ಹಾಕುತ್ತಿದ್ದರು.

"ಇದೊಂದು ತೆಗೆದುಬಿಡಿ ಭಾವ. ನಮ್ಮ ಬೂತಲ್ಲಿ ಓದಕ್ಕಾಗಲ್ಲ."

ಅಡ್ಡಗೆರೆ ಎಳೆದೆ. ಫ್ಲೆಕ್ಸಿಗೆ ಯಾರ್ಯಾರ ಫೋಟೋ ಅಂತ ಕೇಳಿದೆ. ತಾಲೂಕಿನವರನ್ನು ಕೇಳಬೇಕಂತೆ. ಜೆಡಿಎಸ್‌ನವರ ಫೋಟೋ ಹಾಕಬೇಕಾ ಬೇಡವಾ ಅನ್ನೋದೇ ಅಲ್ಲಿ ಇನ್ನೂ ತೀರ್ಮಾನ ಆಗಿಲ್ಲ.

ಸಂಜೆ ಡೇರಿಯಲ್ಲಿ ಮತ್ತೆ ಸಿಕ್ಕಿದ. ಅವನದು ಎರಡು ಎಚ್‌ಎಫ್ ಹಸು, ಹೊತ್ತಿಗೆ ಹನ್ನೆರಡು ಲೀಟರ್. ಹಾಲು ಅಳೆಸಿ, ಡಿಗ್ರಿ ನೋಡಿಸಿ, ಚೀಟಿ ಇಸ್ಕೊಂಡ. ಹೊರಡುವ ಮುಂಚೆ ಕಿಟಕಿಗೆ ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ ಡೇರಿ ಕಾರ್ಯದರ್ಶಿಯನ್ನು ಕೇಳಿದ:

"ಆ ನಾಲ್ಕು ರೂಪಾಯಿ ಒಂದನೇ ತಾರೀಖಿಂದಲೇ ಬಟವಾಡೆಗೆ ಸೇರುತ್ತಾ?"