ಯಾರ ಗೆಲುವನ್ನೂ ಹಾರೈಸಲಾಗದ ಯುದ್ಧ: ‘ಡಿಸೆಂಬರ್ ಸ್ಕೈ’ ಮತ್ತು ಅದರ ಅಭಿಮಾನಿಗಳು

ದೈತ್ಯ ರೋಬಾಟ್‌ಗಳ ಯುದ್ಧದ ಕಥೆ ಹೇಳುವ ಜಪಾನಿ ಅನಿಮೇಷನ್ (ಅನಿಮೆ) ಸರಣಿ ಗಂಡಮ್‌ನ ಅಭಿಮಾನಿಗಳ ನಡುವೆ ‘ಮೊಬೈಲ್ ಸೂಟ್ ಗಂಡಮ್ ಥಂಡರ್‌ಬೋಲ್ಟ್: ಡಿಸೆಂಬರ್ ಸ್ಕೈ’ ಚಿತ್ರದ ಮಾತು ಬಂದಾಗಲೆಲ್ಲ ಒಂದೇ ಅಭಿಪ್ರಾಯ ಒಬ್ಬರ ಬಾಯಲ್ಲಿ ಹೊಗಳಿಕೆಯಾಗಿಯೂ ಇನ್ನೊಬ್ಬರ ಬಾಯಲ್ಲಿ ದೂರಾಗಿಯೂ ಕೇಳಿಬರುತ್ತದೆ: ಈ ಯುದ್ಧದಲ್ಲಿ ಯಾರು ಗೆಲ್ಲಲಿ ಎಂದು ಹಾರೈಸಬೇಕೆಂಬುದೇ ತಿಳಿಯುವುದಿಲ್ಲ. ಈ ಎರಡೂ ಬಗೆಯ ಪ್ರತಿಕ್ರಿಯೆಗಳನ್ನು ಬಹಳ ಕಾಲದಿಂದ ಆಸಕ್ತಿಯಿಂದ ಗಮನಿಸುತ್ತ ಬಂದಿರುವ ನನಗೆ, ಚಿತ್ರವನ್ನು ನಿರಾಳವಾಗಿ ಮೆಚ್ಚಿದವರಿಗಿಂತ ಅದನ್ನು ನೋಡಿ ಕಸಿವಿಸಿಗೊಂಡವರೇ ಅದನ್ನು ಹೆಚ್ಚು ಹತ್ತಿರದಿಂದ ಕಂಡಿದ್ದಾರೆ ಎನ್ನಿಸುತ್ತದೆ.

ಚಿತ್ರದ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಯಾಸುಓ ಓಟಗಾಕಿ ಅವರು 2012ರಲ್ಲಿ ಆರಂಭಿಸಿದ ಮಾಂಗಾ (ಜಪಾನಿ ಚಿತ್ರಕಥಾ ಪುಸ್ತಕ) ಇದರ ಮೂಲ. ಕೋ ಮತ್ಸುಓ ಅವರ ನಿರ್ದೇಶನದಲ್ಲಿ ಸನ್‌ರೈಸ್ ಸ್ಟುಡಿಯೊ ಅದನ್ನು ಮೊದಲು ನಾಲ್ಕು ಕಿರು ಕಂತುಗಳಾಗಿ ಅಂತರ್ಜಾಲದಲ್ಲಿ ಬಿಡುಗಡೆ ಮಾಡಿತು; 2016ರ ಜೂನ್ ತಿಂಗಳಲ್ಲಿ ಅವೇ ಕಂತುಗಳು ಒಂದುಗೂಡಿ ಸುಮಾರು 70 ನಿಮಿಷಗಳ ಚಲನಚಿತ್ರವಾದವು. ಕಥೆ ನಡೆಯುವುದು 1979ರ ಮೂಲ ಟಿವಿ ಸರಣಿಯಲ್ಲಿ ಭೂಮಿಯ ಸರ್ಕಾರವಾದ ಭೂ ಒಕ್ಕೂಟಕ್ಕೂ ಅದರಿಂದ ಸ್ವಾತಂತ್ರ್ಯ ಬಯಸುವ ಬಾಹ್ಯಾಕಾಶ ವಸಾಹತುಗಳ ರಾಷ್ಟ್ರ ಜಿಯಾನ್‌ಗೂ ನಡೆಯುವ ‘ಒಂದು ವರ್ಷದ ಯುದ್ಧ’ದ ಕೊನೆಯ ಘಟ್ಟದಲ್ಲಿ. ಸೈಡ್ 4 ಎಂಬ ಬಾಹ್ಯಾಕಾಶ ವಸಾಹತುಗಳ ಸಮೂಹ ನಾಶವಾಗಿ, ಅದರ ಅವಶೇಷಗಳು ತೇಲಾಡುತ್ತ, ಅವುಗಳ ನಡುವೆ ಸದಾ ಮಿಂಚು ಹೊಡೆಯುತ್ತಿರುವ ಪ್ರದೇಶವೇ ಥಂಡರ್‌ಬೋಲ್ಟ್ ವಲಯ. ಒಂದೆಡೆ ಆ ವಸಾಹತುಗಳಲ್ಲಿಯೇ ಹುಟ್ಟಿ ಬೆಳೆದು, ಕಳೆದುಹೋದ ತಮ್ಮ ನೆಲೆಯನ್ನು ಮರಳಿ ಪಡೆಯಲು ಬಂದಿರುವ ಭೂ ಒಕ್ಕೂಟದ ಪಡೆ ‘ಮೂರ್ ಬ್ರದರ್‌ಹುಡ್’ ಇದೆ; ಇನ್ನೊಂದೆಡೆ ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನೇ ಸೇರಿಸಿ ಕಟ್ಟಿದ ಜಿಯಾನ್‌ನ ಸ್ನೈಪರ್ ಪಡೆ ‘ಲಿವಿಂಗ್ ಡೆಡ್’ ಇದೆ.

ಒಕ್ಕೂಟದ ಪೈಲಟ್ ಇಯೋ ಫ್ಲೆಮಿಂಗ್‌ಗೆ ಯುದ್ಧವೆಂದರೆ ಉಸಿರು ಬಿಡುವಷ್ಟು ಸಲೀಸು. ಕಾಕ್‌ಪಿಟ್‌ನಲ್ಲಿ ಕುಳಿತು ರೇಡಿಯೊದಲ್ಲಿ ಜಾಝ್ ಹಚ್ಚಿಕೊಂಡು, ಡ್ರಮ್ ಬಾರಿಸುವ ಕೈಯಿಂದಲೇ ಶತ್ರುಗಳನ್ನು ಕೊಲ್ಲುವ ಅವನ ಸಂಗೀತ ಎದುರಾಳಿಗಳ ರೇಡಿಯೊಗಳಿಗೂ ಹರಿದುಬರುತ್ತದೆ. ಅದು ಕೇಳಿಸಿತೆಂದರೆ ಸಾವು ಹತ್ತಿರ ಬಂತೆಂದು ಅವರು ತಿಳಿಯಬೇಕು. ಜಿಯಾನ್‌ನ ಸ್ನೈಪರ್ ಡ್ಯಾರಿಲ್ ಲೊರೆನ್ಜ್‌ಗೆ ಎರಡೂ ಕಾಲುಗಳಿಲ್ಲ. ಅವನು ಕೇಳುವುದು ಹಳೆಯ ಧಾಟಿಯ ಮೃದುವಾದ ಪ್ರೇಮಗೀತೆಗಳನ್ನು. ನೋಡುಗರ ಮನಸ್ಸು ಸಹಜವಾಗಿಯೇ ಡ್ಯಾರಿಲ್ ಕಡೆಗೆ ವಾಲುತ್ತದೆ. ಆದರೆ ಅವನು ಹೋರಾಡುತ್ತಿರುವುದು ವಸಾಹತುಗಳ ಮೇಲೆ ವಿಷಾನಿಲ ಹಾಯಿಸಿದ, ಒಂದು ವಸಾಹತನ್ನೇ ಭೂಮಿಯ ಮೇಲೆ ಬೀಳಿಸಿದ ಪಡೆಯ ಪರವಾಗಿ. ಮೂಲ ಸರಣಿಯನ್ನು ಬಲ್ಲವರಿಗೆ ಇದನ್ನು ಯಾರೂ ನೆನಪಿಸಬೇಕಿಲ್ಲ. ಹೀಗಾಗಿ ಹಳೆಯ ಅಭಿಮಾನಿಗಳ ಇಕ್ಕಟ್ಟು ಹೊಸಬರ ಇಕ್ಕಟ್ಟಿಗಿಂತ ದೊಡ್ಡದು: ಅವರಿಗೆ ಡ್ಯಾರಿಲ್ ಮೇಲೆ ಮರುಕ ಹುಟ್ಟುತ್ತದೆ, ಆ ಮರುಕದ ಬಗ್ಗೆಯೇ ಅನುಮಾನವೂ ಹುಟ್ಟುತ್ತದೆ.

ಚಿತ್ರವನ್ನು ನೋಡಿದ ಯಾರೂ ಮರೆಯದ ಪ್ರಸಂಗವೆಂದರೆ ಡ್ಯಾರಿಲ್‌ನ ಕೈಗಳದು. ಕೃತಕ ಅಂಗಗಳ ಮೂಲಕ ಪೈಲಟ್‌ನ ನರಗಳ ಸಂಕೇತವನ್ನು ನೇರವಾಗಿ ಯಂತ್ರಕ್ಕೆ ತಲುಪಿಸುವ ವ್ಯವಸ್ಥೆಯೊಂದನ್ನು ಜಿಯಾನ್‌ನ ವಿಜ್ಞಾನಿಗಳು ಈ ಅಂಗಹೀನ ಸೈನಿಕರ ಮೇಲೆ ಪ್ರಯೋಗಿಸುತ್ತಿದ್ದಾರೆ. ‘ಸೈಕೊ ಝಾಕು’ ಎಂಬ ರೋಬಾಟ್ ಆ ಪ್ರಯೋಗದ ಫಲ. ಹೋರಾಟದಲ್ಲಿ ಡ್ಯಾರಿಲ್‌ನ ಎಡಗೈ ಹೋಗುತ್ತದೆ. ಉಳಿದ ಬಲಗೈ ಆರೋಗ್ಯವಾಗಿಯೇ ಇದ್ದರೂ ಯಂತ್ರವನ್ನು ಪೂರ್ತಿಯಾಗಿ ನಡೆಸಲು ಅದೊಂದು ಅಡ್ಡಿ ಎಂಬ ಕಾರಣಕ್ಕೆ ಅದನ್ನೂ ಕತ್ತರಿಸಲಾಗುತ್ತದೆ. ಇಲ್ಲಿ ಹಿಂಸೆಗಿಂತ ಹೆಚ್ಚಾಗಿ ಚುಚ್ಚುವುದು ಎಲ್ಲರ ಸೌಜನ್ಯ: ಯಾರೂ ಕೂಗಾಡುವುದಿಲ್ಲ, ಯಾರೂ ಅವನನ್ನು ಕಟ್ಟಿಹಾಕುವುದಿಲ್ಲ, ಗೆಳೆಯರನ್ನು ಉಳಿಸಿಕೊಳ್ಳಬೇಕೆಂಬ ಆಸೆಯಿಂದ ಅವನೇ ಒಪ್ಪುತ್ತಾನೆ. ಆ ಯಂತ್ರದಲ್ಲಿ ಕುಳಿತಾಗ ಕಳೆದುಹೋದ ಕೈಕಾಲುಗಳು ಮರಳಿ ಬಂದಂತೆ ಅವನಿಗೆ ಅನ್ನಿಸುತ್ತದೆ. ಈ ಪ್ರಸಂಗವನ್ನು ‘ಅತಿಯಾಯಿತು’ ಎಂದು ತಳ್ಳಿಹಾಕುವ ಅಭಿಮಾನಿಗಳಿದ್ದಾರೆ. ನೋಡುಗರನ್ನು ಬೆಚ್ಚಿಬೀಳಿಸಲೆಂದೇ ಬರೆದ ಕ್ರೌರ್ಯ ಇದು ಎಂಬುದು ಅವರ ವಾದ. ನಾನು ಇದನ್ನು ಒಪ್ಪುವುದಿಲ್ಲ. ಗಂಡಮ್ ಕಥೆಗಳಲ್ಲಿ ಮೊದಲಿನಿಂದಲೂ ಹರೆಯದ ಹುಡುಗರು ಯಂತ್ರದೊಳಗೆ ಕುಳಿತು ಅದರೊಂದಿಗೆ ಒಂದಾಗುವುದನ್ನು ನಾವು ಬೆರಗಿನಿಂದ ನೋಡುತ್ತ ಬಂದಿದ್ದೇವೆ. ಹಾಗೆ ಒಂದಾಗುವುದಕ್ಕೆ ದೇಹ ತೆರಬೇಕಾದ ಬೆಲೆಯನ್ನು ಇಷ್ಟು ನೇರವಾಗಿ ತೋರಿಸಿದ್ದು ಈ ಚಿತ್ರ.

ಸಂಗೀತದ ಬಗೆಗಿನ ಚರ್ಚೆ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಜಾಝ್ ಕಲಾವಿದ ನರುಯೋಶಿ ಕಿಕುಚಿ ಅವರು ಈ ಚಿತ್ರಕ್ಕೆ ಮಾಡಿರುವ ಸಂಗೀತವನ್ನು ಮೆಚ್ಚದ ಅಭಿಮಾನಿಗಳು ಕಡಿಮೆ. ಚಿತ್ರವನ್ನು ಟೀಕಿಸುವವರೂ ಅದನ್ನು ಬಿಟ್ಟುಕೊಡುವುದಿಲ್ಲ. ತಾಳ ತಪ್ಪಿದಂತೆ ಕಾಣುತ್ತಲೇ ತಾಳದಲ್ಲಿರುವ ಡ್ರಮ್ಮಿನ ಹೊಡೆತ, ಅದರ ಮೇಲೆ ಹರಿಯುವ ಸ್ಯಾಕ್ಸೊಫೋನ್, ಆ ಲಯಕ್ಕೆ ಸರಿಯಾಗಿ ಅವಶೇಷಗಳ ನಡುವೆ ನುಗ್ಗಿ ಬರುವ ಇಯೋನ ರೋಬಾಟ್ ಫುಲ್ ಆರ್ಮರ್ ಗಂಡಮ್: ಈ ದೃಶ್ಯಗಳನ್ನು ನೋಡುವಾಗ ಮೈ ಜುಮ್ಮೆನ್ನುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅದೇ ಕಾಳಗ ಡ್ಯಾರಿಲ್‌ನ ಕಡೆಯಿಂದ ಕಾಣಿಸುತ್ತದೆ, ಸಂಗೀತ ಬದಲಾಗುತ್ತದೆ, ಈಗಷ್ಟೇ ನಮ್ಮನ್ನು ಕುಣಿಸಿದ ಲಯದಲ್ಲಿ ಸತ್ತವರು ಯಾರೆಂಬುದು ತಿಳಿಯುತ್ತದೆ. ಅವರಿಗೆ ಕಾಲಿರಲಿಲ್ಲ, ಹೆಸರಿತ್ತು, ಅವರು ಪರಸ್ಪರ ತಮಾಷೆ ಮಾಡಿಕೊಳ್ಳುತ್ತಿದ್ದರು.

ಇಲ್ಲಿಯೇ ಅಭಿಮಾನಿಗಳು ಎರಡು ಪಾಲಾಗುತ್ತಾರೆ. ಯುದ್ಧವನ್ನು ವಿರೋಧಿಸುವ ಚಿತ್ರ ಯುದ್ಧವನ್ನು ಇಷ್ಟು ಸೊಗಸಾಗಿ ತೋರಿಸಬಾರದು ಎಂದು ಒಂದು ಗುಂಪು ಹೇಳುತ್ತದೆ. ಸೊಗಸನ್ನು ಸವಿದರೆ ತಪ್ಪೇನು, ನಾವು ಬಂದದ್ದು ರೋಬಾಟ್‌ಗಳ ಕಾಳಗ ನೋಡುವುದಕ್ಕಲ್ಲವೇ ಎಂದು ಇನ್ನೊಂದು ಗುಂಪು ಕೇಳುತ್ತದೆ. ಎರಡನೆಯ ಗುಂಪಿನ ಪ್ರಾಮಾಣಿಕತೆಯ ಬಗ್ಗೆ ನನಗೆ ಗೌರವವಿದೆ, ಏಕೆಂದರೆ 1980ರಿಂದ ಗಂಡಮ್‌ನ ಪ್ಲಾಸ್ಟಿಕ್ ಮಾದರಿಗಳನ್ನು ಕೂಡಿಸುತ್ತ ಬೆಳೆದ ಪರಂಪರೆಯಲ್ಲಿ ಆ ಖುಷಿಯನ್ನು ಅಲ್ಲಗಳೆಯುವುದು ಸುಳ್ಳಾಗುತ್ತದೆ. ಸೈಕೊ ಝಾಕುವಿನ ಮಾದರಿಯೂ ಮಾರುಕಟ್ಟೆಗೆ ಬಂತು, ಅದನ್ನು ಆಸೆಪಟ್ಟು ಕೊಂಡವರೂ ಬಹಳ ಮಂದಿ. ಒಬ್ಬ ಮನುಷ್ಯನ ನಾಲ್ಕೂ ಅಂಗಗಳನ್ನು ಬೇಡಿದ ಯಂತ್ರ ಅದು ಎಂಬ ಅರಿವು ಇದ್ದೂ ಅದರ ಬೆನ್ನಿನ ದೊಡ್ಡ ಟ್ಯಾಂಕುಗಳನ್ನು, ತೋಳುಗಳನ್ನು ಅಕ್ಕರೆಯಿಂದ ಜೋಡಿಸಿಡುತ್ತಾರೆ. ಇದನ್ನು ಕಪಟವೆಂದು ಕರೆಯಲು ನನಗೆ ಮನಸ್ಸಿಲ್ಲ. ಚಿತ್ರವೂ ಹಾಗೆ ಕರೆಯುವುದಿಲ್ಲ. ಇಯೋನ ಪಾತ್ರದ ಮೂಲಕ ಅದು ಆ ಖುಷಿಯನ್ನು ಕಥೆಯೊಳಗೇ ತಂದು ನಿಲ್ಲಿಸಿದೆ. ಜಾಝ್ ಕೇಳುತ್ತ ಕೊಲ್ಲುವ ಇಯೋ ಮತ್ತು ಜಾಝ್ ಕೇಳುತ್ತ ನೋಡುವ ನಾವು ಒಂದೇ ಹಾಡಿಗೆ ತಲೆದೂಗುತ್ತಿರುತ್ತೇವೆ. ಆ ಹೊತ್ತಿನಲ್ಲಿ ಕಸಿವಿಸಿಯಾದ ನೋಡುಗರು ಚಿತ್ರದಲ್ಲಿ ದೋಷ ಹುಡುಕಬೇಕಾಗಿಲ್ಲ, ನಿರ್ದೇಶಕರು ಬಯಸಿದ ಜಾಗಕ್ಕೇ ಅವರು ಬಂದು ತಲುಪಿದ್ದಾರೆ.

ಗಂಡಮ್ ಕಥಾಲೋಕದ ಇತಿಹಾಸದ ಲೆಕ್ಕ ತಪ್ಪಿದೆ ಎಂಬ ಆಕ್ಷೇಪವೂ ಧಾರಾಳವಾಗಿದೆ. 1979ರ ಸರಣಿಯಲ್ಲಿ ಇಲ್ಲದ ಹೆಚ್ಚುವರಿ ತೋಳುಗಳು, ಗುರಾಣಿಗಳು, ಇಷ್ಟು ಮುಂದುವರಿದ ನರತಂತ್ರ ಆ ಯುದ್ಧಕಾಲಕ್ಕೆ ಹೇಗೆ ಬಂದವು ಎಂದು ಕೇಳುವವರು ಕೇಳುತ್ತಲೇ ಇರುತ್ತಾರೆ, ಇದೊಂದು ಸಮಾನಾಂತರ ಕಥೆ ಎಂದು ಉತ್ತರಿಸುವವರು ಉತ್ತರಿಸುತ್ತಲೇ ಇರುತ್ತಾರೆ. ನನಗೆ ಆ ಚರ್ಚೆಯಲ್ಲಿ ಹುರುಪಿಲ್ಲ.

ಹೆಚ್ಚು ತೂಕವಿರುವ ದೂರು ಬೇರೆಯೇ ಇದೆ. 70 ನಿಮಿಷಗಳಲ್ಲಿ ಇಯೋ ಮತ್ತು ಡ್ಯಾರಿಲ್ ಇಬ್ಬರಿಗೂ ಮೈದುಂಬಿ ಬರಲು ಅವಕಾಶ ಸಿಕ್ಕಿದೆ, ಉಳಿದವರಿಗೆ ಸಿಕ್ಕಿಲ್ಲ. ಮೂರ್ ಬ್ರದರ್‌ಹುಡ್ ಪಡೆಯನ್ನು ಮುನ್ನಡೆಸುವ ಕ್ಲಾಡಿಯಾ ತಾನು ಕಳಿಸಿದವರು ಸಾಯುವುದನ್ನು ನೋಡಲಾಗದೆ ಮಾದಕದ್ರವ್ಯದ ಮೊರೆ ಹೋಗುತ್ತಾಳೆ. ಡ್ಯಾರಿಲ್‌ನ ದೇಹದ ಮೇಲೆ ಪ್ರಯೋಗ ನಡೆಸಬೇಕಾದ ವಿಜ್ಞಾನಿ ಕಾರ್ಲಾ ಅವನನ್ನು ಪ್ರೀತಿಸುತ್ತಲೇ ಕುಸಿಯುತ್ತಾಳೆ. ಇವರಿಬ್ಬರ ಸಂಕಟ ಗಂಡಸರ ಸಂಕಟದಷ್ಟೇ ದೊಡ್ಡದು. ಆದರೆ ಕ್ಯಾಮೆರಾ ಅವರ ಬಳಿ ನಿಲ್ಲುವುದು ಅವರು ಒಡೆದುಹೋಗುವ ಗಳಿಗೆಯಲ್ಲಿ ಮಾತ್ರ, ಅದಕ್ಕೆ ಮುಂಚಿನ ಬದುಕು ಒಂದೆರಡು ದೃಶ್ಯಗಳಲ್ಲಿ ಮುಗಿದುಹೋಗುತ್ತದೆ. ಈ ದೂರನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಪಡೆಗೆ ಹೊಸದಾಗಿ ಬಂದು ಸೇರುವ ಎಳೆಯ ಪೈಲಟ್‌ಗಳ ಪ್ರಸಂಗವೂ ಅಷ್ಟೇ: ಹಡಗಿಗೆ ಬಂದಿಳಿದ ಆ ಮಕ್ಕಳ ಮುಖಗಳು ಕಣ್ಣಿಗೆ ಅಂಟಿಕೊಳ್ಳುವಷ್ಟು ಚೆನ್ನಾಗಿ ಮೂಡಿವೆ, ಅವರನ್ನು ಗುರುತಿಸಲು ಬೇಕಾದಷ್ಟು ಸಮಯವನ್ನು ಚಿತ್ರ ಕೊಟ್ಟಿಲ್ಲ. ಇನ್ನೊಂದು ಇಪ್ಪತ್ತು ನಿಮಿಷ ಇದ್ದಿದ್ದರೆ ಎಂದು ಅಭಿಮಾನಿಗಳು ಹಳಹಳಿಸುವುದರಲ್ಲಿ ಅರ್ಥವಿದೆ.

ಇವೆಲ್ಲಕ್ಕಿಂತ ಆಳವಾದ ಅಸಮಾಧಾನ ಮೂಲ ಸರಣಿಯನ್ನು ಪ್ರೀತಿಸುವವರದು. ಯೊಶಿಯುಕಿ ಟೊಮಿನೊ ಅವರ ಮೊದಲ ಗಂಡಮ್ ಆರಂಭದಲ್ಲಿ ಸಾಕಷ್ಟು ನೋಡುಗರಿಲ್ಲದೆ 43 ಕಂತುಗಳಿಗೇ ನಿಂತಿತು. ಮರುಪ್ರಸಾರವಾದಾಗ ಅದು ಜನರ ಮನಸ್ಸಿಗೆ ಇಳಿಯಿತು. 1981ರ ಫೆಬ್ರವರಿ 22ರಂದು ಟೋಕಿಯೊದ ಶಿಂಜುಕುವಿನಲ್ಲಿ ಸಾವಿರಾರು ಯುವ ಅಭಿಮಾನಿಗಳು ನೆರೆದು ಅನಿಮೆಯ ಹೊಸ ಶತಮಾನ ಶುರುವಾಯಿತೆಂಬ ಘೋಷಣೆಗೆ ಸಾಕ್ಷಿಯಾದರು. ಅವರನ್ನು ಹಾಗೆ ಸೆಳೆದದ್ದು ಬರೀ ಯುದ್ಧವಲ್ಲ. ಕಾಳಗದ ನಡುವೆ ಗಂಡಮ್ ನಡೆಸುವ ಕಥಾನಾಯಕ ಅಮುರೊ ಮತ್ತು ಶತ್ರುಪಡೆಯ ಹುಡುಗಿ ಲಾಲಾ ಒಬ್ಬರ ಮನಸ್ಸನ್ನೊಬ್ಬರು ಅರಿಯುವ ಆ ಕ್ಷಣದಲ್ಲಿ, ಮನುಷ್ಯರು ಮಾತಿನ ಹಂಗಿಲ್ಲದೆ ಪರಸ್ಪರ ತಿಳಿದುಕೊಂಡಾರು, ಆಗ ಯುದ್ಧಕ್ಕೆ ಕಾರಣವೇ ಉಳಿಯದು ಎಂಬ ಭರವಸೆ ಇತ್ತು. ಲಾಲಾ ಸಾಯುತ್ತಾಳೆ, ಭರವಸೆ ಸಾಯುವುದಿಲ್ಲ. ‘ಡಿಸೆಂಬರ್ ಸ್ಕೈ’ ಚಿತ್ರದಲ್ಲಿಯೂ ಇಬ್ಬರು ಶತ್ರುಗಳು ಒಬ್ಬರನ್ನೊಬ್ಬರು ಚೆನ್ನಾಗಿ ಅರಿಯುತ್ತಾರೆ. ಡ್ಯಾರಿಲ್‌ನಷ್ಟು ಇಯೋನನ್ನು ಬಲ್ಲವರು ಅವನದೇ ಪಡೆಯಲ್ಲೂ ಇಲ್ಲವೇನೋ. ಆದರೆ ಆ ಅರಿವು ಅವರಿಬ್ಬರನ್ನು ಒಂದೇ ತೀರ್ಮಾನಕ್ಕೆ ತರುತ್ತದೆ, ಇವನನ್ನು ನಾನೇ ಕೊಲ್ಲಬೇಕು ಎಂಬ ತೀರ್ಮಾನಕ್ಕೆ.

ಇದನ್ನು ದ್ರೋಹವೆನ್ನುವ ಹಿರಿಯ ಅಭಿಮಾನಿಗಳ ನೋವು ನನಗೆ ಅರ್ಥವಾಗುತ್ತದೆ, ಅವರ ತೀರ್ಪನ್ನು ಒಪ್ಪುವುದು ಮಾತ್ರ ಕಷ್ಟ. ಮೂಲ ಸರಣಿ ಕೈಗೆಟುಕದ ದೂರದಲ್ಲಿ ಒಂದು ಬೆಳಕನ್ನು ಇಟ್ಟಿತ್ತು. ಆ ಬೆಳಕು ತಲುಪದ ಮೂಲೆಯೊಂದರಲ್ಲಿ, ಅದೇ ಯುದ್ಧದ ಅದೇ ದಿನಗಳಲ್ಲಿ, ಹೆಸರಿಲ್ಲದ ಸೈನಿಕರಿಗೆ ಏನಾಯಿತು ಎಂಬುದನ್ನು ಈ ಚಿತ್ರ ಹೇಳುತ್ತದೆ. ಎರಡೂ ಒಂದೇ ಯುದ್ಧದ ಸತ್ಯಗಳಾಗಿರಲು ಸಾಧ್ಯ. ಅದಕ್ಕೇ ಗಂಡಮ್‌ಗೆ ಹೊಸಬರಾದವರಿಗೆ ನಾನು ಈ ಚಿತ್ರವನ್ನು ಮೊದಲು ನೋಡಬೇಡಿರೆಂದು ಹೇಳುತ್ತೇನೆ. ಮೂಲ ಸರಣಿಯಿಂದ 1981 ಮತ್ತು 1982ರಲ್ಲಿ ಸಂಕಲಿಸಿದ ಮೂರು ಚಲನಚಿತ್ರಗಳನ್ನು ನೋಡಿ, ಅಮುರೊನ ಕಥೆ ಮನಸ್ಸಿನಲ್ಲಿ ನಿಂತ ಮೇಲೆ ಇದಕ್ಕೆ ಬನ್ನಿ. ಅಲ್ಲಿನ ಭರವಸೆ ಏನೆಂದು ತಿಳಿಯದೆ ನೋಡಿದರೆ ಇಲ್ಲಿನ ಕತ್ತಲೆ ಬರೀ ಒಂದು ಶೈಲಿಯಾಗಿ ಕಾಣುತ್ತದೆ. 2017ರಲ್ಲಿ ಬಂದ ಮುಂದಿನ ಚಿತ್ರ ‘ಬ್ಯಾಂಡಿಟ್ ಫ್ಲವರ್’ ಇಯೋ ಮತ್ತು ಡ್ಯಾರಿಲ್ ಇಬ್ಬರನ್ನೂ ಭೂಮಿಗೆ ಇಳಿಸಿ ಕಥೆಯನ್ನು ನಡುವಿನಲ್ಲೇ ನಿಲ್ಲಿಸುತ್ತದೆ. ಅದರ ಮುಂದಿನ ಭಾಗವನ್ನು ಮಾಂಗಾದಲ್ಲಿಯೇ ಓದಬೇಕು.